ಹಳೇ ಮಾರುತಿ 800ರ ಕೂಲಿಂಗ್ ಸಿಸ್ಟಮ್ ಫ್ಲಶ್, ಎಲ್ಲರೂ ಬೇಡ ಅಂದ್ರೂ ಮಾಡಿದ್ದು

"ಹಳೇ ಗಾಡಿ ಸಾರ್, ಒಳಗಿರೋ ಮಡ್ಡಿನೇ ಲೀಕ್ ತಡ್ಕೊಂಡಿದೆ, ಮುಟ್ಬೇಡಿ" ಅಂತ, ಇಂಜಿನ್ ತಣ್ಣಗಿಡೋ ನೀರಿನ ದಾರಿನೆಲ್ಲಾ ತೊಳೀತೀನಿ (ಅದೇ ಫ್ಲಶ್) ಅಂದಿದ್ದಕ್ಕೆ, ತುಮಕೂರಲ್ಲಿ ನನಗೆ ಗೊತ್ತಿರೋ ಮೆಕ್ಯಾನಿಕ್‌ಗಳೆಲ್ಲಾ ಹೇಳಿದ್ರು. ಅರ್ಧ ನಿಜಾನೇ. ನಂದು 2001ರ ಮಾರುತಿ 800, ಮುಂಚೆ ಇಟ್ಕೊಂಡಿದ್ದೋರು ಜನ್ಮಕ್ಕೆ ಕೂಲಂಟ್ (ತುಕ್ಕು, ಸುಣ್ಣ ಕಟ್ಟದಂಗೆ ರೇಡಿಯೇಟರ್‌ಗೆ ಹಾಕೋ ದ್ರವ) ಹಾಕಿಲ್ಲ, ಬರೀ ಬೋರ್ ನೀರು, ಅದೆಷ್ಟು ಗಡಸು ಅಂತ ಗೀಸರ್ ಕಾಯಿಲ್ ಬಿಚ್ಚಿ ನೋಡಿದೋರಿಗೆ ಹೇಳ್ಬೇಕಾಗಿಲ್ಲ. ದೇವರಾಯನದುರ್ಗ ಬೆಟ್ಟ ಹತ್ತಿದ್ರೆ ಟೆಂಪರೇಚರ್ ಮುಳ್ಳು ಕೆಂಪಿಗೆ, ಫ್ಯಾನ್ ನಿಲ್ತಾನೇ ಇರ್ಲಿಲ್ಲ. ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೋವರೆಗೂ ನೀರು ರೇಡಿಯೇಟರ್‌ಗೆ ಹೋಗದಂಗೆ ತಡೆಯೋ ವಾಲ್ವ್) ಯಾರೋ ಯಾವಾಗ್ಲೋ ಕಿತ್ತು ಬಿಸಾಕಿದ್ರು, ಮಾಮೂಲಿ.

ಮೊದ್ಲು ಅಂಗಡಿ ಫ್ಲಶ್ ಬಾಟ್ಲು, ಮುನ್ನೂರು ಚಿಲ್ಲರೆ ದಂಡ. ಸ್ವಲ್ಪ ಕೆಂಪು ನೀರು ಬಂತು, ಬೋರ್ ನೀರಿಂದ ಒಳಗೆ ಕಟ್ಟಿದ್ದ ಸುಣ್ಣ ಅಲ್ಲಾಡ್ಲಿಲ್ಲ. ಹೋಸಿಂದ ಉದುರಿದ ಚಕ್ಕೆನ ಲೋಟಗಳಲ್ಲಿ ವಿನೆಗರ್, ಹುಣಸೆ ನೀರು, ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಹಾಕಿ ರಾತ್ರಿಯಿಡೀ ಬಿಟ್ಟೆ. ನಿಂಬೆ ಉಪ್ಪೇ ಗೆದ್ದಿದ್ದು, ಹುಣಸೆಯಿಂದ ಏನೂ ಆಗ್ಲಿಲ್ಲ, ಲೋಟದ ವಿಚಾರಕ್ಕೆ ಮನೇಲಿ ಬೈಸ್ಕೊಂಡಿದ್ದೊಂದು ಲಾಭ. ಟಾಯ್ಲೆಟ್ ಕ್ಲೀನರ್ ಹಾಕಿ ಅನ್ನೋರ ಮಾತು ಮಾತ್ರ ಕೇಳ್ಬೇಡಿ, ಅದರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತೆ, ಅಲ್ಯೂಮಿನಿಯಂ ಹೆಡ್ ತಿಂದುಬಿಡುತ್ತೆ.

ಮೂರೂವರೆ ಲೀಟರ್ ಹತ್ರ ನೀರು, ಅದಕ್ಕೆ ಸುಮಾರು ನೂರೈವತ್ತು ಗ್ರಾಂ ನಿಂಬೆ ಉಪ್ಪು, ಹೀಟರ್ ಫುಲ್ ಬಿಸಿಗೆ ಇಟ್ಟು ಅರ್ಧ ಗಂಟೆ ಐಡಲ್. ಮೇಲಿನ ಹೋಸಲ್ಲಿ ಒಂದು ಜಾಲರಿ ಕೂರಿಸಿದ್ದೆ, ಇಲ್ಲಾಂದ್ರೆ ಕಿತ್ತು ಬಂದ ಚಕ್ಕೆಯೆಲ್ಲಾ ಸೀದಾ ರೇಡಿಯೇಟರ್ ಟ್ಯೂಬಿಗೇ ಹೋಗಿ ಕಟ್ಕೊಳ್ಳುತ್ತೆ. ಯಾವ ಜಾಲರಿ, ಹೆಂಗೆ ಕೂರಿಸೋದು ಅದು ನನ್ನ ಹತ್ರಾನೇ ಇರ್ಲಿ. ಇಳಿಸಿದಾಗ ಬಂದಿದ್ದು ರಾಗಿ ಗಂಜಿ ಥರ ಕಂದು ನೀರು. ಆಮೇಲೆ ಉಳಿದ ಆಸಿಡ್ ಸತ್ತೋಗ್ಲಿ ಅಂತ ಅಡುಗೆ ಸೋಡಾ ನೀರಲ್ಲೊಂದ್ಸಲ, ತಿಳಿ ಬರೋವರೆಗೂ ಸಾದಾ ನೀರು, ಕೊನೆಗೆ ಡಿಸ್ಟಿಲ್ಡ್ ವಾಟರ್. ಹೀಟರ್ ಕೋರ್‌ಗೆ (ಡ್ಯಾಶ್‌ಬೋರ್ಡ್ ಒಳಗಿರೋ ಹೀಟರ್‌ನ ಪುಟ್ಟ ರೇಡಿಯೇಟರ್) ಪೈಪ್ ಹಾಕಿದ್ರೆ ನಲ್ಲಿ ಮೆತ್ತಗೆ ಬಿಡಿ, ಒಡೆದ್ರೆ ಡ್ಯಾಶ್‌ಬೋರ್ಡ್ ಬಿಚ್ಚೋ ಕೂಲಿಗೆ ಕಣ್ಣೀರು ಬರುತ್ತೆ.

ಮೆಕ್ಯಾನಿಕ್ ಹೇಳಿದ್ದು ಆಗೇ ಆಯ್ತು, ವಾರದೊಳಗೆ ರೇಡಿಯೇಟರ್ ಕೆಳಮೂಲೆ ಬೆವರೋಕೆ ಶುರು. ತೂತು ಫ್ಲಶ್ ಮಾಡಿದ್ದಲ್ಲ, ಮೊದ್ಲೇ ಇತ್ತು, ಸುಣ್ಣ ಮುಚ್ಕೊಂಡಿತ್ತು ಅಷ್ಟೇ, ಬೆಂಗಳೂರು ಹೈವೇಲಿ ಬಿಡೋ ಬದ್ಲು ಮನೆ ಮುಂದೆ ಬಿಡ್ತು. ಹೊಸ ರೇಡಿಯೇಟರ್ ಎರಡೂವರೆ ಸಾವಿರದ ಆಸುಪಾಸು, ಥರ್ಮೋಸ್ಟಾಟ್, ಕ್ಯಾಪ್, ಹೋಸು ಸೇರಿ ಇನ್ನೊಂದು ಸಾವಿರ, ಕೂಲಂಟ್ ಏಳ್ನೂರೋ ಎಂಟ್ನೂರೋ. ಈ ದುಡ್ಡು ಕೈಲಿಲ್ದೆ ಹಳೇ ಗಾಡಿ ಫ್ಲಶ್‌ಗೆ ಇಳೀಲೇಬೇಡಿ. ಹಳೇ ಕೂಲಂಟ್ ಇಳಿಸ್ತಿದ್ರೆ ಚರಂಡಿಗೆ ಬಿಡ್ಬೇಡಿ, ಸಿಹಿ ಇರುತ್ತೆ ಅಂತ ನಾಯಿ ನೆಕ್ಕುತ್ವೆ, ಸಾಯ್ತವೆ.

ಈಗ ದುರ್ಗ ಎಸಿ ಹಾಕ್ಕೊಂಡೇ ಹತ್ತುತ್ತೆ, ಮುಳ್ಳು ಅರ್ಧ ದಾಟಲ್ಲ, ಥರ್ಮೋಸ್ಟಾಟ್ ವಾಪಸ್ ಬಂದ್ಮೇಲೆ ಮೈಲೇಜೂ ಒಂಚೂರು ಜಾಸ್ತಿ ಆಗಿದೆ. ಬೇಡ ಅಂದಿದ್ದ ಮೆಕ್ಯಾನಿಕ್ಕೇ ಮೊನ್ನೆ ಜಾಲರಿ ಬಗ್ಗೆ ಕೇಳ್ತಿದ್ದ. ಮುಂದಿನದು ಭಾವನ ಮಾರುತಿ ಎಸ್ಟೀಮ್, ಆದ್ರೆ ಅದರ ವಾಟರ್ ಪಂಪ್ ಕೆಳಗಿನ ಸಣ್ಣ ತೂತಲ್ಲಿ ಈಗ್ಲೇ ಹಸಿ ಕಾಣ್ತಿದೆ, ಅಂದ್ರೆ ಒಳಗಿನ ಸೀಲ್ ಸೋರ್ತಿದೆ, ಪಂಪ್ ಬದಲಾಯಿಸೋವರೆಗೂ ಮುಟ್ಟಲ್ಲ ಅಂದಿದೀನಿ.