ಫೈಲ್ ಹೆಸರಲ್ಲಿ ವರ್ಷ ಮೊದಲು ಬರಲಿ
ಕೋಲಾರದ ಮಂಡಿ ಚೀಟಿ, ಪಹಣಿ, ಡೇರಿ ಲೆಕ್ಕ ಎಲ್ಲಾ ಸ್ಕ್ಯಾನ್ ಮಾಡಿ ಇಡುವವರು ಫೈಲ್ ಹೆಸರನ್ನು ವರ್ಷ-ತಿಂಗಳು-ದಿನದಿಂದ ಶುರು ಮಾಡಿ: 2025-03-07_ಟೊಮೆಟೊ_ಚೀಟಿ. ಕಂಪ್ಯೂಟರ್ ಹೆಸರನ್ನು ಎಡಗಡೆಯಿಂದ ಹೋಲಿಸುತ್ತಾ ಹೋಗುತ್ತದೆ. ನಾವು ರೂಢಿಯಂತೆ 07-03-2025 ಅಂತ ಬರೆದರೆ ಎಲ್ಲಾ ತಿಂಗಳ, ಎಲ್ಲಾ ವರ್ಷದ 7ನೇ ತಾರೀಖು ಒಂದೇ ಕಡೆ ಗುಂಪಾಗುತ್ತವೆ. ವರ್ಷ ಮುಂದಿದ್ದರೆ ಹೆಸರಿನ ಸಾಲೇ ತಾರೀಖಿನ ಸಾಲು. ಸೊನ್ನೆ ಬಿಡಬೇಡಿ; 3 ಅಂತ ಬರೆದರೆ ಕೆಲವು ಕಡೆ ಅದು 10ರ ನಂತರ ಹೋಗಿ ಕೂರುತ್ತದೆ. ದಿನಕ್ಕೆ ಎರಡು ಮೂರು ಲೋಡ್ ಹೋಗುತ್ತದೆಯಾ? ಸಮಯವನ್ನೂ 24 ಗಂಟೆ ಲೆಕ್ಕದಲ್ಲಿ ಸೇರಿಸಿ: 2025-03-07_1430. ಗಂಟೆ-ನಿಮಿಷದ ನಡುವೆ ಎರಡು ಚುಕ್ಕೆ (:) ಹಾಕಿದರೆ ವಿಂಡೋಸ್ ಒಪ್ಪುವುದಿಲ್ಲ, ಸುಮ್ನೆ ಅಂಟಿಸಿ ಬರೆಯಿರಿ. ಹಳೆ ಕಾಗದದ ದಿನ ಗೊತ್ತಿಲ್ಲ ಅಂದರೆ 2019-06 ಅಷ್ಟೇ ಸಾಕು. ಒಂದು ಕಡೆ ಇದು ಕೈಕೊಡುತ್ತದೆ: ತಾರೀಖು ನಾವು ಟೈಪ್ ಮಾಡಿದ್ದು, ಆಮೇಲೆ ಫೈಲ್ ತಿದ್ದಿದರೂ ಅದು ತಾನಾಗಿ ಬದಲಾಗದು. ವಾಟ್ಸಾಪ್ ಫೋಟೋದ ಹೆಸರಲ್ಲಿರುವ ತಾರೀಖಿನಲ್ಲೂ ವರ್ಷವೇ ಮೊದಲು, ನೋಡಿದ್ದೀರಲ್ವಾ? ಆದರೆ ಹಳೆ ಚೀಟಿಯ ಫೋಟೋ ಇವತ್ತು ಬಂದರೆ ಹೆಸರಲ್ಲಿ ಇವತ್ತಿನ ತಾರೀಖೇ ಇರುತ್ತದೆ, ಚೀಟಿಯದ್ದಲ್ಲ. ಅದನ್ನು ಕೈಯಾರೆ ಬದಲಿಸಿ.