ಲಿವರ್ ಆರ್ಟರಿಯ ಸುತ್ತಲಿನ ನರಗಳನ್ನು ನಾನು ಬಿಡಿಸಿದ್ದು ಹೀಗೆ

“ಮೇಡಂ, ನೀವು ಬಿಡಿಸ್ತಿರೋದು ನರ ಅಲ್ಲ, ಬರೀ ಫೇಶಿಯಾ. ಮೂರು ವರ್ಷ ಫಾರ್ಮಲಿನ್‌ನಲ್ಲಿ ಬಿದ್ದ ದೇಹದಲ್ಲಿ ಹೆಪ್ಯಾಟಿಕ್ ಪ್ಲೆಕ್ಸಸ್ ಯಾರಿಗೂ ಸಿಗಲ್ಲ.” ನಮ್ಮ ವಿಭಾಗದ ಹಿರಿಯರೊಬ್ಬರು ಡಿಸೆಕ್ಷನ್ ಹಾಲ್‌ನಲ್ಲಿ ವಿದ್ಯಾರ್ಥಿಗಳ ಎದುರೇ ಹೀಗಂದರು. ಫೇಶಿಯಾ ಅಂದರೆ ಅಂಗಗಳನ್ನು ಸುತ್ತಿರುವ ನಾರಿನ ಪೊರೆ, ಹೆಪ್ಯಾಟಿಕ್ ಪ್ಲೆಕ್ಸಸ್ ಅಂದರೆ ಲಿವರ್ ಆರ್ಟರಿಯ ಸುತ್ತಲಿನ ನರಜಾಲ. ಹೋದ ತಿಂಗಳು ಅವರೇ ನನ್ನ ಹನ್ನೊಂದನೇ ಬ್ಲಾಕನ್ನು (ದೇಹದಿಂದ ಒಂದೇ ತುಂಡಾಗಿ ತೆಗೆದ ಲಿವರ್ ಬುಡದ ಭಾಗ) ಲೂಪ್, ಅಂದರೆ ದೊಡ್ಡದಾಗಿ ತೋರಿಸುವ ಕನ್ನಡಕ, ಹಾಕಿಕೊಂಡು ಅರ್ಧ ಗಂಟೆ ನೋಡಿದರು. ಮಾತಾಡಲಿಲ್ಲ. “ಇದರ ಸ್ಲೈಡ್ ಇದ್ಯಾ?” ಅಂತ ಮಾತ್ರ ಕೇಳಿದರು. ಇತ್ತು, ತೋರಿಸಿದೆ. ಆಮೇಲೆ ಬೇರೆ ಕಾಲೇಜುಗಳ ಮೂರ್ನಾಲ್ಕು ಜನ ಹೇಗೆ ಮಾಡಿದಿರಿ ಅಂತ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಸೀಲಿಯಾಕ್ ಗ್ಯಾಂಗ್ಲಿಯಾನ್ (ಹೊಟ್ಟೆಯ ಹಿಂಭಾಗದ ನರದ ಗಂಟು) ಎಲ್ಲಿದೆ, ವೇಗಸ್ (ಮೆದುಳಿನಿಂದ ಹೊಟ್ಟೆಯವರೆಗೆ ಇಳಿಯುವ ನರ) ಎಲ್ಲಿಂದ ಬರುತ್ತದೆ ಅನ್ನೋದು ನಿಮಗೆಲ್ಲ ಗೊತ್ತು. ಪುಸ್ತಕದಲ್ಲಿ ಒಂದೂವರೆ ಸಾಲು ಇರುತ್ತದೆ: ಮುಂದಿನ ಜಾಲ ಹೆಪ್ಯಾಟಿಕ್ ಆರ್ಟರಿಯ ಸುತ್ತ, ಹಿಂದಿನದು ಪೋರ್ಟಲ್ ವೇನ್ ಮತ್ತು ಪಿತ್ತನಾಳದ ಸುತ್ತ. ಅಲ್ಲಿಗೆ ಪಾಠ ಮುಗಿಯಿತು. 1963ರಲ್ಲಿ ಡೆನ್ವರ್‌ನಲ್ಲಿ ಸರ್ಜನ್ ಸ್ಟಾರ್ಜಲ್ ಮನುಷ್ಯನಿಗೆ ಮೊದಲ ಸಲ ಲಿವರ್ ಕಸಿ ಮಾಡಿದಾಗಿನಿಂದ “ನರ ಕಡಿದರೂ ಲಿವರ್ ನಡೆಯುತ್ತೆ, ಮತ್ತೇಕೆ ತಲೆಬಿಸಿ” ಅನ್ನುವ ಮಾತೇ ನಮ್ಮಲ್ಲಿ ಉಳಿದುಬಿಟ್ಟಿದೆ. ಈಗ ಕ್ಯಾತಿಟರನ್ನು (ತೆಳು ಕೊಳವೆ) ಆರ್ಟರಿಯೊಳಗೆ ಇಳಿಸಿ, ಒಳಗಿಂದಲೇ ಈ ನರಗಳನ್ನು ಸುಟ್ಟರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆಯೇ ಎಂದು ಮನುಷ್ಯರ ಮೇಲೇ ಪ್ರಯೋಗ ನಡೆದಿದೆ. ಹಾಗೆ ಸುಡಬೇಕಾದರೆ ನರ ಗೋಡೆಯಿಂದ ಎಷ್ಟು ದೂರದಲ್ಲಿದೆ ಅನ್ನೋದು ಗೊತ್ತಿರಬೇಕಲ್ಲ? ನನ್ನನ್ನು ಹಿಡಿದು ಕೂರಿಸಿದ್ದು ಈ ಪ್ರಶ್ನೆ.

ಮೊದಲ ಬ್ಲಾಕ್ ಪೂರ್ತಿ ಹಾಳಾಯಿತು. ಗ್ಯಾಂಗ್ಲಿಯಾನ್ ಹುಡುಕಿ ಅಲ್ಲಿಂದ ಲಿವರ್ ಕಡೆಗೆ ಹೊರಟೆ, ಎಲ್ಲರೂ ಮಾಡುವ ಹಾಗೆ. ಕೊಬ್ಬು ಮೇಣದ ಹಾಗೆ ಗಟ್ಟಿಯಾಗಿತ್ತು. ಚಿಮಟದಲ್ಲಿ ಕೊಬ್ಬು ಕಿತ್ತರೆ ಅದರ ಜೊತೆ ನರವೂ ಬಂತು. ಎರಡನೆಯದರಲ್ಲಿ ಆರ್ಟರಿ ಚೆನ್ನಾಗಿ ಕಾಣಲಿ ಅಂತ ಕೆಂಪು ಲೇಟೆಕ್ಸ್ ತುಂಬಿದೆ, ಸಿರಿಂಜ್ ಒತ್ತಿದ್ದು ಜಾಸ್ತಿಯಾಯಿತು. ಎಲ್ಲೋ ಸಣ್ಣ ಕವಲು ಒಡೆದು ರಬ್ಬರ್ ಹೊರಗಿನ ಕವಚದೊಳಗೆ ಹರಡಿತು, ನರಗಳೆಲ್ಲ ಅದರಡಿ ಅಂಟಿಕೊಂಡವು. ಮೂರನೆಯದನ್ನು ಅಸಿಟಿಕ್ ಆಸಿಡ್‌ನಲ್ಲಿಟ್ಟು ದೀಪಾವಳಿ ರಜೆಗೆ ಊರಿಗೆ ಹೋದೆ. ಬಂದು ನೋಡಿದರೆ ಇಡೀ ಬ್ಲಾಕ್ ಜೆಲ್ಲಿ. ಆಗ ನಿಜಕ್ಕೂ ಅಳು ಬಂದಿತ್ತು. ಯಾರೋ ಮನಸಾರೆ ದಾನ ಕೊಟ್ಟ ದೇಹ ಅದು.

ಆದರೆ ಆ ಜೆಲ್ಲಿಯಲ್ಲೇ ದಾರಿ ಸಿಕ್ಕಿತು. ಅಂಚಿನಲ್ಲಿ ಆಸಿಡ್ ಅಷ್ಟಾಗಿ ತಾಗದ ಕಡೆ ಫೇಶಿಯಾ ಉಬ್ಬಿ ಗಾಜಿನಂತೆ ಪಾರದರ್ಶಕವಾಗಿತ್ತು. ಅದರೊಳಗೆ ನಾಲ್ಕೈದು ಬಿಳಿ ಎಳೆಗಳು ಶಾವಿಗೆಯ ಹಾಗೆ ನಿಂತಿದ್ದವು. ಹಾರ್ಕಿವ್‌ನ ಅಂಗರಚನಾ ತಜ್ಞ ವೊರೊಬ್ಯೋವ್, ಅಂದರೆ 1924ರಲ್ಲಿ ಲೆನಿನ್ ದೇಹ ಕೆಡದಂತೆ ಕಾಪಾಡಿದವರು, ನೀರೊಳಗೆ ಲೂಪ್ ಹಿಡಿದು, ತೆಳು ಆಸಿಡ್ ಬಳಸಿ ಸಣ್ಣ ನರ ಬಿಡಿಸುತ್ತಿದ್ದರು. ಎಂಡಿ ಓದುವಾಗ ಕೇಳಿ ಮರೆತಿದ್ದ ವಿಷಯ ಅದು, ಈಗ ನೆನಪಾಯಿತು.

ಈಗ ನಾನು ಮಾಡೋದು ಹೀಗೆ. ಬ್ಲಾಕ್ ತೆಗೆಯುವಾಗ ಜಿಪುಣತನ ಮಾಡಲೇಬೇಡಿ. ಅಯೋರ್ಟಾದ (ಮಹಾಧಮನಿ) ತುಂಡು, ಎರಡೂ ಕ್ರೂರಾ (ಡಯಾಫ್ರಮ್ಮಿನ ಕಾಲುಗಳು), ಅಯೋರ್ಟಾದಿಂದ ಹೊರಡುವ ಸೀಲಿಯಾಕ್ ಮತ್ತು ಮೆಸೆಂಟರಿಕ್ ಆರ್ಟರಿಗಳ ಬುಡ, ಪ್ಯಾಂಕ್ರಿಯಾಸ್ ತಲೆ, ಡುಯೋಡಿನಮ್, ಜಠರದ ಲೆಸರ್ ಕರ್ವೇಚರ್ (ಒಳಬಾಗಿದ ಚಿಕ್ಕ ಅಂಚು) ಪಟ್ಟಿ, ಅಂಗೈಯಗಲ ಲಿವರ್ ಸಮೇತ ಹೈಲಮ್ (ರಕ್ತನಾಳಗಳು ಲಿವರ್ ಒಳಗೆ ಹೋಗುವ ಬಾಗಿಲು), ಎಲ್ಲ ಒಂದೇ ತುಂಡಾಗಿ ಬರಬೇಕು. ಲೆಸರ್ ಓಮೆಂಟಮ್ (ಜಠರವನ್ನೂ ಲಿವರನ್ನೂ ಸೇರಿಸುವ ತೆಳು ಪೊರೆ) ಹರಿದರೆ ಕಥೆ ಮುಗಿಯಿತು. ವೇಗಸ್‌ನ ಹೆಪ್ಯಾಟಿಕ್ ಕವಲು ಅದರ ಮೇಲಂಚಿನಲ್ಲಿ, ಲಿವರ್‌ಗೆ ಒತ್ತಿಕೊಂಡೇ ಹೋಗುತ್ತದೆ. ನನ್ನ ಮೊದಲ ನಾಲ್ಕು ಬ್ಲಾಕ್‌ಗಳಲ್ಲಿ ವೇಗಸ್ ಸಿಗದೇ ಇದ್ದದ್ದಕ್ಕೆ ಇದೊಂದೇ ಕಾರಣ.

ಎರಡು ದಿನ ಹರಿಯುವ ನೀರಲ್ಲಿಟ್ಟು ಫಾರ್ಮಲಿನ್ ಇಳಿಸುತ್ತೇನೆ. ಆಮೇಲೆ ಕಪ್ಪು ಮೇಣ ಹಾಕಿದ ಪ್ಲಾಸ್ಟಿಕ್ ಟಬ್‌ನಲ್ಲಿ ಪಿನ್ ಮಾಡಿ ನೀರಲ್ಲಿ ಮುಳುಗಿಸುತ್ತೇನೆ. ಮೇಲೆ ಸಲೈನ್ ಸ್ಟ್ಯಾಂಡ್, ಬಾಟಲಿಯಲ್ಲಿ ತೀರಾ ತೆಳುವಾದ ಅಸಿಟಿಕ್ ಆಸಿಡ್, ಅದಕ್ಕೆ ಸಾಮಾನ್ಯ ಡ್ರಿಪ್ ಸೆಟ್. ಕೆಲಸ ಮಾಡುವ ಜಾಗದ ಮೇಲಷ್ಟೇ ಹನಿ ಬೀಳಬೇಕು, ನಿಮಿಷಕ್ಕೆ ಇಪ್ಪತ್ತರ ಸುಮಾರು. ಫೇಶಿಯಾ ಉಬ್ಬುತ್ತದೆ, ಕೊಬ್ಬು ತೇಲಿ ಹೋಗುತ್ತದೆ, ನರ ಬೆಳ್ಳಗೆ ಉಳಿಯುತ್ತದೆ. ಆಸಿಡ್ ಎಷ್ಟು ತೆಳು, ಅದರ ಜೊತೆ ಇನ್ನೇನು ಸೇರಿಸುತ್ತೇನೆ ಅನ್ನೋದನ್ನು ಸದ್ಯಕ್ಕೆ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ಹಿಡಿಯಿತು. ಬಂದವರಿಗೆ ಎದುರಲ್ಲೇ ಮಾಡಿ ತೋರಿಸುತ್ತೇನೆ.

ಶುರು ಮಾಡಬೇಕಾದ್ದು ಗ್ಯಾಂಗ್ಲಿಯಾನ್‌ನಿಂದ ಅಲ್ಲ. ಕಾಮನ್ ಹೆಪ್ಯಾಟಿಕ್ ಆರ್ಟರಿಯಿಂದ ಗ್ಯಾಸ್ಟ್ರೋಡುಯೋಡಿನಲ್ ಆರ್ಟರಿ ಕವಲೊಡೆಯುವ ಕಂಕುಳಿನಿಂದ. ಅಲ್ಲಿ ಕೊಬ್ಬು ಕಡಿಮೆ, ಎಳೆಗಳು ಗುಂಪಾಗಿರುತ್ತವೆ. ಒಂದನ್ನು ಹಿಡಿದರೆ ಹಿಂದಕ್ಕೂ ಮುಂದಕ್ಕೂ ಹೋಗಬಹುದು. ಇನ್ನೊಂದು ಮಾತು: ಕಾಮನ್ ಹೆಪ್ಯಾಟಿಕ್ ಮೇಲೆ ಮಲಗಿರುವ ಲಿಂಫ್ ನೋಡ್ ಇದೆಯಲ್ಲ, ಸರ್ಜನ್‌ಗಳು 8ಎ ಅನ್ನುವುದು, ಅದನ್ನು ಕಡೆಗೆ ಎತ್ತಿ. ಅಡ್ಡ ಬರುತ್ತದೆ ಅಂತ ನಾನು ಮೊದಲೇ ಕಿತ್ತು ಅದರಡಿಯಿದ್ದ ಎರಡು ದಪ್ಪ ನರಗಳನ್ನು ಕಳೆದುಕೊಂಡಿದ್ದೇನೆ. ಎಳೆ ನರವೋ ನಾರೋ ಅಂತ ಅನುಮಾನ ಬಂದರೆ ಎರಡೂ ತುದಿ ಹುಡುಕಿ. ಒಂದು ತುದಿ ಗಾಳಿಯಲ್ಲಿ ಮುಗಿದರೆ ಅದನ್ನು ನಾನು ನರ ಅಂತ ಲೆಕ್ಕ ಹಿಡಿಯುವುದಿಲ್ಲ.

ನಮ್ಮ ಹಾಲ್‌ನ ಅಟೆಂಡರ್ ಇಪ್ಪತ್ತು ವರ್ಷದಿಂದ ದೇಹಗಳನ್ನು ನೋಡಿಕೊಳ್ಳುವವರು. ಒಂದು ದಿನ ಟಬ್‌ಗೆ ಬಗ್ಗಿ, “ಮೇಡಂ, ನಾವು ಇಂಜೆಕ್ಷನ್ ಚುಚ್ಚೋ ಜಾಗಕ್ಕೂ ನರ ಅಂತೀವಿ, ನೀವು ಇದಕ್ಕೂ ನರ ಅಂತೀರಿ. ಇದರಲ್ಲಿ ರಕ್ತ ಎಲ್ಲಿ ಹೋಗುತ್ತೆ?” ಅಂದರು. ಆರ್ಟರಿಯನ್ನೂ ಅದಕ್ಕೆ ಸುತ್ತಿಕೊಂಡ ನರವನ್ನೂ ಒಟ್ಟಿಗೆ ತೋರಿಸಿದೆ. ಅವತ್ತಿನಿಂದ ಹನಿ ನಿಲ್ಲದ ಹಾಗೆ ನೋಡಿಕೊಳ್ಳುವವರು ಅವರೇ. ಅವರಿಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ದುಡ್ಡಿನ ವಿಷಯ. ಎರಡೂವರೆ ಪಟ್ಟಿನ ಲೂಪ್‌ಗೆ ಹದಿನಾಲ್ಕು ಸಾವಿರದ ಹತ್ತಿರ ಆಯಿತು, ಸ್ವಂತ ದುಡ್ಡು. ಸರ್ಜಿಕಲ್ ಅಂಗಡಿಯ ಮೈಕ್ರೋ ಚಿಮಟಕ್ಕೆ ಆರೇಳು ಸಾವಿರ ಹೇಳಿದರು. ಬೆಂಗಳೂರಿನ ನಗರತ್‌ಪೇಟೆಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಕಡೆ ಮುನ್ನೂರು ಚಿಲ್ಲರೆಗೆ ಎರಡು ಸಿಕ್ಕವು. ತುದಿಯನ್ನು ನಾನೇ ಎಣ್ಣೆಕಲ್ಲಿನಲ್ಲಿ ತಿದ್ದಿಕೊಂಡೆ, ಇವತ್ತಿಗೂ ಅವೇ. ದುಬಾರಿಯಾದದ್ದು ಎಸ್-100 ಆಂಟಿಬಾಡಿ, ಎಳೆ ನರವೇ ಅಂತ ಸ್ಲೈಡಿನಲ್ಲಿ ಬಣ್ಣ ಕೊಟ್ಟು ತೋರಿಸುವುದು. ಮೊದಲ ಸಲ ಹೊರಗಿನ ಲ್ಯಾಬೊಂದಕ್ಕೆ ಕೊಟ್ಟೆ, ಹನ್ನೆರಡು ಸಾವಿರ ಹೋಯಿತು, ಸ್ಲೈಡ್ ಖಾಲಿ ಬಂತು. ವರ್ಷಗಟ್ಟಲೆ ಫಾರ್ಮಲಿನ್‌ನಲ್ಲಿದ್ದ ಅಂಗಾಂಶಕ್ಕೆ ಅವರು ಕಾಯಿಸುವ ಮಾಮೂಲಿ ಸಮಯ ಸಾಲುವುದಿಲ್ಲ. ಕಡೆಗೆ ನಾವೇ ಸಿಟ್ರೇಟ್ ಬಫರ್ ಹಾಕಿ ಪ್ರೆಶರ್ ಕುಕ್ಕರ್‌ನಲ್ಲಿ ಕೂಗಿಸಿದೆವು. ಅರ್ಧ ಸೆಕ್ಷನ್‌ಗಳು ಗಾಜಿನಿಂದ ಎದ್ದು ಹೋದವು. ಉಳಿದವುಗಳಲ್ಲಿ ನರ ಕಂದು ಬಣ್ಣಕ್ಕೆ ತಿರುಗಿ ಎದ್ದು ಕಾಣಿಸಿತು. ಒಟ್ಟು ಖರ್ಚು ಲಕ್ಷ ದಾಟಿರಬೇಕು. ಮನೆಯಲ್ಲಿ ಹೇಳಿದ ಲೆಕ್ಕ ಅದಕ್ಕಿಂತ ಕಡಿಮೆ.

ಮಧ್ಯೆ ಅಂಗಾಂಶವನ್ನು ಪಾರದರ್ಶಕ ಮಾಡಿ ನರಕ್ಕೆ ಬಣ್ಣ ಕೊಡುವ ಸೀಲರ್ ವಿಧಾನವನ್ನೂ ಪ್ರಯತ್ನಿಸಿದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ವಾರಗಟ್ಟಲೆ, ಹೆಮಟಾಕ್ಸಿಲಿನ್‌ನಲ್ಲಿ ವಾರಗಟ್ಟಲೆ, ಕಡೆಗೆ ಗ್ಲಿಸರಿನ್. ಕುರಿಯ ನಾಲಿಗೆಯಲ್ಲಿ ಅದ್ಭುತವಾಗಿ ಬಂತು, ನೀಲಿ ನರಗಳ ಮರ ಇನ್ನೂ ಮ್ಯೂಸಿಯಂನಲ್ಲಿದೆ. ಆದರೆ ಮನುಷ್ಯನ ಹೈಲಮ್‌ನಲ್ಲಿ ಲಿವರ್ ಅಂಚು ಕಪ್ಪಗೆ ಉಳಿದು ಏನೂ ಕಾಣಲಿಲ್ಲ. ಮೂರು ತಿಂಗಳು ಹೋಯಿತು. ಲಿವರ್ ಪೂರ್ತಿ ಕೆರೆದು ತೆಗೆದು ಬರೀ ಆರ್ಟರಿ ಕವಲುಗಳನ್ನು ಇಟ್ಟರೆ ಬರಬಹುದು ಅನ್ನಿಸುತ್ತದೆ, ಇನ್ನೊಮ್ಮೆ ಮಾಡಿ ನೋಡಬೇಕು. ಅಭ್ಯಾಸಕ್ಕೆ ಕುರಿ ಲಿವರ್ ತರುವವರು ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿ. ಇಲ್ಲದಿದ್ದರೆ ನಮಗೆ ಬೇಕಾದ ಬುಡವನ್ನೇ ಕತ್ತರಿಸಿ ಎಸೆದಿರುತ್ತಾರೆ.

ಸಿಕ್ಕಿದ್ದೇನು? ಹನ್ನೊಂದರಲ್ಲಿ ಆರು ಬ್ಲಾಕ್ ಪೂರ್ತಿ ಬಂದವು. ಮುಂದಿನ ಜಾಲದ ಎಳೆಗಳು ಬಹುಪಾಲು ಎಡ ಸೀಲಿಯಾಕ್ ಗ್ಯಾಂಗ್ಲಿಯಾನ್ ಕಡೆಯಿಂದ, ಹಿಂದಿನವು ಬಲಗಡೆಯಿಂದ. ಮಧ್ಯೆ ಅಡ್ಡ ಎಳೆಗಳು ಬೇಕಾದಷ್ಟಿವೆ, ಹಾಗಾಗಿ ಎರಡು ಜಾಲ ಅಂತ ಗೆರೆ ಎಳೆದು ಹೇಳುವುದಕ್ಕೆ ನನಗೆ ಧೈರ್ಯವಿಲ್ಲ. ಕಾಮನ್ ಹೆಪ್ಯಾಟಿಕ್ಕನ್ನು ಅರ್ಧರ್ಧ ಸೆಂಟಿಮೀಟರ್ ಉಂಗುರ ಮಾಡಿ ಅಳೆದಾಗ ಹೆಚ್ಚಿನ ನರಗಳು ಒಳಗೋಡೆಯಿಂದ ನಾಲ್ಕೈದು ಮಿಲಿಮೀಟರ್ ಅಂತರದಲ್ಲೇ ಇದ್ದವು. ದಪ್ಪನೆಯವು ಸ್ವಲ್ಪ ದೂರ, ಸಣ್ಣವು ಅಡ್ವೆಂಟೀಷಿಯಾಕ್ಕೆ (ಆರ್ಟರಿಯ ಹೊರಕವಚ) ಅಂಟಿಕೊಂಡು. ಫಾರ್ಮಲಿನ್‌ನಲ್ಲಿ ಅಂಗಾಂಶ ಕುಗ್ಗುತ್ತದೆ, ಬದುಕಿರುವವರಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬೇಕು.

ನನಗೆ ತೀರಾ ಖುಷಿ ಕೊಟ್ಟದ್ದು ಒಂಬತ್ತನೆಯದು. ಅದರಲ್ಲಿ ಬಲ ಹೆಪ್ಯಾಟಿಕ್ ಆರ್ಟರಿ ಸುಪೀರಿಯರ್ ಮೆಸೆಂಟರಿಕ್‌ನಿಂದ ಹುಟ್ಟಿತ್ತು. ಅಂಗರಚನಾ ತಜ್ಞ ಮೈಕೆಲ್ಸ್ 1955ರಲ್ಲಿ ಇನ್ನೂರು ದೇಹ ಬಿಡಿಸಿ ಲಿವರ್ ಆರ್ಟರಿಗಳನ್ನು ಹತ್ತು ಬಗೆ ಅಂತ ವಿಂಗಡಿಸಿದರಲ್ಲ, ಅದರಲ್ಲಿ ಮೂರನೆಯ ಬಗೆ. ಆ ಆರ್ಟರಿ ಪೋರ್ಟಲ್ ವೇನ್ ಹಿಂದಿನಿಂದ ಏರುವಾಗ ಮೆಸೆಂಟರಿಕ್ ಜಾಲದ ಮೂರು ಎಳೆಗಳನ್ನು ತನ್ನ ಜೊತೆಗೇ ಕರೆದುಕೊಂಡು ಹೋಗಿತ್ತು. ಅಂಥವರಿಗೆ ಕಾಮನ್ ಹೆಪ್ಯಾಟಿಕ್ ಒಳಗಿಂದ ಎಷ್ಟು ಸುಟ್ಟರೂ ಆ ಮೂರು ಹಾಗೇ ಉಳಿಯುತ್ತವೆ.

ಈಗ ಟಬ್‌ನಲ್ಲಿ ಹನ್ನೆರಡನೆಯದಿದೆ. ಎಡ ಹೆಪ್ಯಾಟಿಕ್ ಆರ್ಟರಿ ಜಠರದ ಲೆಫ್ಟ್ ಗ್ಯಾಸ್ಟ್ರಿಕ್ ಆರ್ಟರಿಯಿಂದ ಹೊರಟು ಲೆಸರ್ ಓಮೆಂಟಮ್‌ನಲ್ಲಿ ವೇಗಸ್ ಕವಲಿನ ಪಕ್ಕದಲ್ಲೇ ಹೋಗುತ್ತಿದೆ. ಹನಿ ನಿನ್ನೆ ಸಂಜೆಯಿಂದ ಬೀಳುತ್ತಿದೆ. ಎರಡಕ್ಕೂ ನಡುವೆ ಒಂದು ಎಳೆ ಕಾಣಿಸುತ್ತಿದೆ, ಇನ್ನೂ ಅದರ ತುದಿ ಸಿಕ್ಕಿಲ್ಲ.