ವೈರಲ್ ಇನ್ಫೆಕ್ಷನ್ ಆಗಿ ಆಸ್ಪತ್ರೆಯಿಂದ ಮಗು ಮನೆಗೆ ಬಂದ್ಮೇಲೆ ಏನ್ ನೋಡ್ಕೋಬೇಕು

ಡಿಸ್ಚಾರ್ಜ್ ಆಯ್ತು ಅಂದ್ರೆ ಪೂರ್ತಿ ಗುಣ ಆಯ್ತು ಅಂತಲ್ಲ. ಆರ್‌ಎಸ್‌ವಿ (ಉಸಿರಾಟದ ಸೋಂಕು ತರೋ ಒಂದು ವೈರಸ್) ತರದ ವೈರಸ್ ಬಂದು ಬ್ರಾಂಕಿಯೋಲೈಟಿಸ್ (ಶ್ವಾಸಕೋಶದ ಸಣ್ಣ ಗಾಳಿ ಕೊಳವೆಗಳು ಊದ್ಕೊಳ್ಳೋದು) ಆದ ಮಕ್ಕಳಿಗೆ ಕೆಮ್ಮು 2-3 ವಾರ ಎಳೀಬಹುದು, ಮಗು ಆಡ್ಕೊಂಡು ಹಾಲು ಕುಡ್ಕೊಂಡು ಇದ್ರೆ ಅದೊಂದಕ್ಕೇ ಗಾಬರಿ ಆಗ್ಬೇಡಿ, ಸುಮ್ನೆ ಆಂಟಿಬಯಾಟಿಕ್ ಕೊಡ್ಸೋಕೂ ಹೋಗ್ಬೇಡಿ ಅದು ವೈರಸ್ ಮೇಲೆ ಕೆಲ್ಸ ಮಾಡಲ್ಲ.

ಮುಖ್ಯವಾಗಿ ಉಸಿರು ಎಣಿಸೋದು ಕಲೀರಿ. ಮಗು ನಿದ್ದೆಲಿ ಅಥವಾ ಶಾಂತವಾಗಿ ಇರುವಾಗ ಬಟ್ಟೆ ಸರಿಸಿ ಪೂರ್ತಿ 1 ನಿಮಿಷ ಎಣಿಸಿ, ಅರ್ಧ ನಿಮಿಷ ಎಣಿಸಿ ಡಬಲ್ ಮಾಡಿದ್ರೆ ತಪ್ಪಾಗ್ಬಹುದು. 2 ತಿಂಗಳೊಳಗೆ 60, 2ರಿಂದ 11 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40 ಅಥವಾ ಜಾಸ್ತಿ ಇದ್ರೆ ಡಾಕ್ಟರ್‌ಗೆ ತೋರ್ಸಿ. ಎದೆ ಒಳಗೆ ಎಳ್ಕೊಳ್ತಿದ್ರೆ, ತುಟಿ ನೀಲಿ ಆದ್ರೆ, ಮಗು ಏಳಿಸಿದ್ರೂ ಏಳದಿದ್ರೆ ಎಣಿಸ್ತಾ ಕೂರ್ಬೇಡಿ, ತಕ್ಷಣ ಹೊರಡಿ.

ಹಾಲು ಸ್ವಲ್ಪ ಸ್ವಲ್ಪ, ಆಗಾಗ ಕೊಡಿ. ಮಾಮೂಲಿನ ಅರ್ಧಕ್ಕಿಂತ ಕಮ್ಮಿ ಕುಡೀತಿದ್ರೆ, ಉಚ್ಚೆ ಕಮ್ಮಿಯಾದ್ರೆ ಫೋನ್ ಮಾಡಿ ಕೇಳಿ. 1 ವರ್ಷದೊಳಗಿನ ಮಗುಗೆ ಕೆಮ್ಮಿಗೆ ಅಂತ ಜೇನುತುಪ್ಪ ಬೇಡವೇ ಬೇಡ.

ಕೆಲವು ಮಕ್ಕಳಿಗೆ ಮುಂದೆ ಪ್ರತಿ ನೆಗಡಿಗೂ ಗುಯ್ ಗುಯ್ ಅಂತ ವೀಜಿಂಗ್ ಬರುತ್ತೆ, ಹಂಗಂತ ಎಲ್ರಿಗೂ ಅಸ್ತಮಾ ಆಗಲ್ಲ, ಆದ್ರೆ ಯಾವಾಗ ಬಂತು, ಎಷ್ಟು ದಿನ ಇತ್ತು ಅಂತ ಬರೆದಿಟ್ಟು ಡಿಸ್ಚಾರ್ಜ್ ಸಮ್ಮರಿ ಜೊತೆ ಫಾಲೋಅಪ್‌ಗೆ ತಗೊಂಡ್ಹೋಗಿ. ಮನೇಲಿ ಯಾರೂ ಬೀಡಿ ಸಿಗರೇಟು ಸೇದ್ಬಾರ್ದು, ದಯವಿಟ್ಟು.